ಟೆಕ್ಸಸ್‌ನ ಬಾರ್ಬೆಕ್ಯೂ, ಬರ್ಗರ್ ಅಂಗಡಿಗಳಲ್ಲಿ ನಮ್ಮವರು ಏನು ತಿನ್ನಬಹುದು?

ಪ್ರಶ್ನೆ: ನಾವು ದಾವಣಗೆರೆಯವರು. ಯಜಮಾನರ ಕೆಲಸದ ಸಲುವಾಗಿ ಕಳೆದ ವರ್ಷ ಟೆಕ್ಸಸ್‌ನ ರೌಂಡ್ ರಾಕ್‌ಗೆ ಬಂದೆವು. ಇಲ್ಲಿ ಆಫೀಸಿನವರು ಯಾವ ಖುಷಿಗೂ ಬಾರ್ಬೆಕ್ಯೂ ಅಂಗಡಿಗೇ ಕರೆಯುತ್ತಾರೆ, ಇಲ್ಲವಾದರೆ ಬರ್ಗರ್. ಯಜಮಾನರು ಕೋಳಿ, ಕುರಿ ತಿನ್ನುತ್ತಾರೆ. ದನ, ಹಂದಿ ಮುಟ್ಟುವುದಿಲ್ಲ. ನಾನು ಸಸ್ಯಾಹಾರಿ, ಕೇಕಿನಲ್ಲಿ ಮೊಟ್ಟೆ ಇದ್ದರೆ ತಕರಾರಿಲ್ಲ. ಎಂಟು ವರ್ಷದ ಮಗನೂ ನನ್ನ ಹಾಗೆಯೇ, ಆದರೆ ಗೆಳೆಯರು ತಿನ್ನುವ ಬರ್ಗರ್ ತನಗೂ ಬೇಕು ಅನ್ನುತ್ತಾನೆ. ಮುಂದಿನ ತಿಂಗಳು ಅತ್ತೆಯವರು ಆರು ತಿಂಗಳ ಮಟ್ಟಿಗೆ ಬರುತ್ತಿದ್ದಾರೆ. ಅವರಿಗೆ ಮೊಟ್ಟೆಯೂ ಆಗದು. ಹೋಗದಿದ್ದರೆ ಕರೆದವರಿಗೆ ಬೇಸರ, ಹೋದರೆ ಎದುರಿಗಿಟ್ಟದ್ದರಲ್ಲಿ ಏನಿದೆಯೋ ಗೊತ್ತಾಗುವುದಿಲ್ಲ. ಬರೀ ಕೋಕ್ ಕುಡಿದು ಎದ್ದು ಬಂದದ್ದೂ ಇದೆ. ಏನು ತಿನ್ನಬಹುದು, ಏನು ಕೇಳಬೇಕು, ಟಿಪ್ಸ್ ಎಷ್ಟು ಕೊಡಬೇಕು, ವಿವರವಾಗಿ ತಿಳಿಸಿ.

ಉತ್ತರ: ಹೋಗಿ. ಪ್ರೀತಿಯಿಂದ ಕರೆದವರ ಜೊತೆ ಕೂತು ಉಣ್ಣುವುದನ್ನು ತಪ್ಪಿಸಬೇಡಿ. ನಿಮ್ಮ ಮನೆಯ ನಾಲ್ವರಲ್ಲಿ ಮೂವರಿಗೆ ಬಾರ್ಬೆಕ್ಯೂ ಅಂಗಡಿಯಲ್ಲೂ ಬರ್ಗರ್ ಅಂಗಡಿಯಲ್ಲೂ ಹೊಟ್ಟೆ ತುಂಬುವಷ್ಟು ಸಿಗುತ್ತದೆ. ಅತ್ತೆಯವರ ವಿಷಯ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ಇಲ್ಲಿನ ಹೋಟೆಲ್ ಅಡುಗೆಮನೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಈಗ ಅಲ್ಲಿನ ಸಿಬ್ಬಂದಿಗೆ ಆಹಾರ ಸುರಕ್ಷತೆ ಕಲಿಸುತ್ತಿದ್ದೇನೆ. ನಮ್ಮವರು ಕೌಂಟರಿನ ಮುಂದೆ ನಿಂತು ಗಲಿಬಿಲಿಗೊಳ್ಳುವುದನ್ನು ಎಷ್ಟೋ ಸಲ ಒಳಗಿನಿಂದ ನೋಡಿದ್ದೇನೆ. ಭಾಷೆ ಬಾರದ್ದಕ್ಕೆ ಆಗುವ ಗಲಿಬಿಲಿ ಅದಲ್ಲ. ತಮಗೆ ಎಲ್ಲಿಯವರೆಗೆ ನಡೆಯುತ್ತದೆ ಎಂದು ಮನೆಯಲ್ಲಿ ಕೂತು ತೀರ್ಮಾನಿಸಿರುವುದಿಲ್ಲ, ಹಾಗಾಗಿ ಏನು ಕೇಳಬೇಕು ಎಂಬುದೂ ಹೊಳೆಯುವುದಿಲ್ಲ. ತಟ್ಟೆಯಲ್ಲಿ ಮಾಂಸದ ತುಂಡು ಇರಬಾರದು ಎಂಬುದು ಒಂದು. ಅದರ ಕೊಬ್ಬು, ಬೇಯಿಸಿದ ನೀರು ಕೂಡ ಸೇರಿರಬಾರದು ಎಂಬುದು ಇನ್ನೊಂದು. ಮಾಂಸ ಮುಟ್ಟಿದ ಚಾಕು, ಹಲಗೆ, ಕಾವಲಿ, ಎಣ್ಣೆ ಯಾವುದೂ ಸೋಕಿರಬಾರದು ಎಂಬುದು ಮೂರನೆಯದು. ಇವು ಮೂರು ಬೇರೆ ಬೇರೆ ಪ್ರಶ್ನೆಗಳು, ಅಡುಗೆಮನೆಯಲ್ಲಿ ಮೂರಕ್ಕೂ ಬೇರೆ ಬೇರೆ ಉತ್ತರ. ನಿಮ್ಮ ಮನೆಯಲ್ಲಿ ಒಬ್ಬೊಬ್ಬರ ಗೆರೆ ಒಂದೊಂದು ಕಡೆ ಇರಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಹೊರಡುವ ಮುಂಚೆ ಯಾರದು ಎಲ್ಲಿ ಎಂದು ಮಾತಾಡಿಕೊಳ್ಳಿ.

ಮೊದಲು ಅಲ್ಲಿ ನಡೆಯುವ ಅಡುಗೆ ಎಂಥದ್ದು ನೋಡೋಣ. ಬೆಂಗಳೂರಿನಲ್ಲಿ ಬಾರ್ಬೆಕ್ಯೂ ಎಂದರೆ ಮೇಜಿನ ನಡುವೆ ಕೆಂಡದ ಗೂಡು, ಅದರ ಮೇಲೆ ಪನೀರ್, ಅನಾನಸ್, ಕೋಳಿಯ ಸರಳುಗಳು. ಬಾರ್ಬೆಕ್ಯೂ ನೇಷನ್ ನಮ್ಮವರಲ್ಲಿ ಬೆಳೆಸಿದ ರೂಢಿ ಅದು. ಟೆಕ್ಸಸ್‌ನವರ ಬಾರ್ಬೆಕ್ಯೂಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಮಾಂಸ ಬೆಂಕಿಯ ಮೇಲೆ ಬೇಯುವುದಿಲ್ಲ. ಉದ್ದನೆಯ ಉಕ್ಕಿನ ಪೆಟ್ಟಿಗೆಯ ಒಂದು ತುದಿಯಲ್ಲಿ ಓಕ್ ಸೌದೆ ಉರಿಯುತ್ತದೆ, ಅದರ ಬಿಸಿ ಹೊಗೆ ಪೆಟ್ಟಿಗೆಯ ಉದ್ದಕ್ಕೂ ಹರಿದು ಇನ್ನೊಂದು ತುದಿಯ ಚಿಮಣಿಯಿಂದ ಹೊರಹೋಗುತ್ತದೆ, ನಡುವೆ ಮಾಂಸ ಇರುತ್ತದೆ. ಶಾಖ 225ರಿಂದ 275 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 107ರಿಂದ 135 ಸೆಲ್ಸಿಯಸ್. ಇಲ್ಲಿನ ರಾಜಮರ್ಯಾದೆಯ ತುಂಡು ಬ್ರಿಸ್ಕೆಟ್, ದನದ ಎದೆಯ ಭಾಗ. ದನದ ಭಾರ ಹೊರುವ ಸ್ನಾಯು ಅದು, ಹಾಗಾಗಿ ಬಲು ಗಟ್ಟಿ. ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಹೊಗೆಯಲ್ಲಿ ಇಟ್ಟರೆ ಒಳಗಿನ ನಾರು ಕರಗಿ ಮೆತ್ತಗಾಗುತ್ತದೆ. ಮಸಾಲೆ ಎಂದರೆ ಉಪ್ಪು, ಕರಿಮೆಣಸು, ಅಷ್ಟೇ.

ಈ ಪದ್ಧತಿಯ ಮೂಲವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ನಿಮ್ಮ ಈಗಿನ ಊರಿನ ಆಸುಪಾಸಿನದೇ ಕಥೆ. 19ನೇ ಶತಮಾನದಲ್ಲಿ ಮಧ್ಯ ಟೆಕ್ಸಸ್‌ಗೆ ಬಂದು ನೆಲೆಸಿದ ಜರ್ಮನ್, ಚೆಕ್ ಜನ ಮಾಂಸದ ಅಂಗಡಿ ಇಟ್ಟರು. ಮಾರಾಟವಾಗದೆ ಉಳಿದ ತುಂಡುಗಳನ್ನು ಹೊಗೆಯಲ್ಲಿ ಬೇಯಿಸಿ, ಸಾಸೇಜ್ ಮಾಡಿ, ಕಾಗದದಲ್ಲಿ ಸುತ್ತಿ ತೂಕಕ್ಕೆ ಮಾರಿದರು. ಇಂದಿಗೂ ತಟ್ಟೆಯ ಬದಲು ಕಾಗದ, ಪ್ಲೇಟಿನ ಬದಲು ಪೌಂಡ್ ಲೆಕ್ಕ ಇರುವುದು ಅದರಿಂದಲೇ. ಲಾಕ್‌ಹಾರ್ಟ್ ಎಂಬ ಪುಟ್ಟ ಊರಿನ ಕ್ರೂಜ್ ಮಾರ್ಕೆಟ್ 1900ರಲ್ಲಿ ಶುರುವಾದ ಅಂಗಡಿ, ಅಲ್ಲಿ ಬಹಳ ಕಾಲ ಸಾಸೂ ಇರಲಿಲ್ಲ, ಫೋರ್ಕೂ ಇರಲಿಲ್ಲ. ನಿಮ್ಮ ರೌಂಡ್ ರಾಕ್‌ಗೆ ಹತ್ತಿರದ ಟೇಲರ್ ಊರಿನಲ್ಲಿ 1949ರ ಲೂಯಿ ಮ್ಯುಲರ್ ಇದೆ, ಗೋಡೆಗಳೆಲ್ಲ ಹೊಗೆ ಹಿಡಿದು ಕಂದಾಗಿವೆ. ಆಸ್ಟಿನ್‌ನ ಫ್ರಾಂಕ್ಲಿನ್ ಬಾರ್ಬೆಕ್ಯೂ 2009ರಲ್ಲಿ ಒಂದು ಟ್ರೇಲರ್‌ನಲ್ಲಿ ಶುರುವಾಗಿ, ಬೆಳಗಿನಿಂದಲೇ ಜನ ಸಾಲು ನಿಲ್ಲುವ ಜಾಗವಾಯಿತು. 2024ರಲ್ಲಿ, ಒಳ್ಳೆಯ ಹೋಟೆಲ್‌ಗಳಿಗೆ ನಕ್ಷತ್ರ ಕೊಡುವ ಮಿಷೆಲಿನ್ ಗೈಡ್‌ನವರು ಟೆಕ್ಸಸ್‌ಗೆ ಬಂದಾಗ ಬಾರ್ಬೆಕ್ಯೂ ಅಂಗಡಿಗಳಿಗೂ ನಕ್ಷತ್ರ ಕೊಟ್ಟರು. ನಿಮ್ಮ ಯಜಮಾನರ ಸಹೋದ್ಯೋಗಿಗಳು ಅಲ್ಲಿಗೆ ಕರೆಯುತ್ತಾರೆಂದರೆ ತಮ್ಮ ಊರಿನ ಹೆಮ್ಮೆಯನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದಾರೆ ಎಂದು ತಿಳಿಯಿರಿ.

ಈಗ ಕೌಂಟರಿಗೆ ಬನ್ನಿ. ಸಾಲು ಮುಂದೆ ಸರಿದ ಹಾಗೆ ಕಾಣುವುದು ಒಂದು ದಪ್ಪ ಮರದ ಹಲಗೆ, ಅದರ ಹಿಂದೆ ಉದ್ದನೆಯ ಚಾಕು ಹಿಡಿದ ಕಟರ್. ಅವರು ಒಂದು ಗಿರಾಕಿಗೆ ಬ್ರಿಸ್ಕೆಟ್ ಕತ್ತರಿಸುತ್ತಾರೆ, ಹಲಗೆಯ ಮೇಲೆ ಕೊಬ್ಬು ಹರಿದು ಮಿರುಗುತ್ತದೆ. ಅದೇ ಹಲಗೆಯ ಮೇಲೆ ಹಂದಿಯ ಪಕ್ಕೆಲುಬು, ಆಮೇಲೆ ಸಾಸೇಜ್, ಆಮೇಲೆ ಟರ್ಕಿ ಕೋಳಿ. ಕೈಯಲ್ಲಿ ಅದೇ ಗ್ಲೌಸ್. ನಿಮ್ಮ ಸರದಿ ಬಂದಾಗ ಮಾತಾಡಿಸುವ ಮುಂಚೆಯೇ ಬ್ರಿಸ್ಕೆಟ್‌ನ ಅಂಚಿನ ಒಂದು ತುಂಡನ್ನು ರುಚಿ ನೋಡಿ ಎಂದು ನಿಮ್ಮತ್ತ ಚಾಚಬಹುದು. ಇದು ಅವರ ಆತಿಥ್ಯ, ನಮ್ಮಲ್ಲಿ ಪಾಯಸ ಬಡಿಸುವವರು ಇನ್ನೊಂದು ಸೌಟು ಹಾಕಲು ಬಂದ ಹಾಗೆ. ನಗುತ್ತಾ "ಥ್ಯಾಂಕ್ಸ್, ನಾವು ಬೀಫ್ ತಿನ್ನುವುದಿಲ್ಲ" ಎಂದರೆ ಮುಗಿಯಿತು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅದೇ ಉಸಿರಿನಲ್ಲಿ ನಿಮಗೆ ಬೇಕಾದ್ದನ್ನೂ ಹೇಳಿಬಿಡಿ.

ಯಜಮಾನರಿಗೆ ಬೇಕಾದ್ದು ಟರ್ಕಿ. ಟೆಕ್ಸಸ್‌ನ ಹೆಚ್ಚಿನ ಬಾರ್ಬೆಕ್ಯೂ ಅಂಗಡಿಗಳಲ್ಲಿ ಟರ್ಕಿ ಕೋಳಿಯ ಎದೆಮಾಂಸ ಇದ್ದೇ ಇರುತ್ತದೆ. ಬೇರೆ ದಾರಿಯಿಲ್ಲದೆ ತಿನ್ನುವ ಪದಾರ್ಥ ಎಂದು ಅದನ್ನು ನೋಡಬೇಡಿ. ಚೆನ್ನಾಗಿ ಮಾಡುವ ಅಂಗಡಿಯ ಟರ್ಕಿ ಮೆಣಸಿನ ಘಾಟು, ಓಕ್ ಹೊಗೆಯ ವಾಸನೆ, ಬೆಣ್ಣೆಯ ಪಸೆ ಮೂರೂ ಸೇರಿ ಬಹಳ ರುಚಿಯಾಗಿರುತ್ತದೆ. ಸಾಮಾನ್ಯವಾಗಿ ಮೊದಲು ಹೊಗೆಯಲ್ಲಿಟ್ಟು, ಆಮೇಲೆ ಬೆಣ್ಣೆ ಹಾಕಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಬೇಯಿಸುತ್ತಾರೆ. ಇಲ್ಲೇ ಒಂದು ಪ್ರಶ್ನೆ ಕೇಳಬೇಕು. ಕೆಲವು ಕಡೆ ಬೆಣ್ಣೆಯ ಬದಲು ಟ್ಯಾಲೋ, ಅಂದರೆ ಕಾಯಿಸಿ ಸೋಸಿದ ದನದ ಕೊಬ್ಬು ಹಾಕುತ್ತಾರೆ. ಬ್ರಿಸ್ಕೆಟ್ ಹದ ಮಾಡುವಾಗ ಕತ್ತರಿಸಿ ತೆಗೆದ ಕೊಬ್ಬು ಅಂಗಡಿಯಲ್ಲಿ ರಾಶಿ ಇರುತ್ತದೆ, ಅದು ಎಲ್ಲೆಲ್ಲಿ ಸೇರುತ್ತದೋ ಗಿರಾಕಿಗೆ ಕಾಣುವುದಿಲ್ಲ. "ಟರ್ಕಿಗೆ ಬೆಣ್ಣೆಯೋ, ಟ್ಯಾಲೋನೋ?" ಎಂದು ನೇರವಾಗಿ ಕೇಳಿ. ಗೆರೆ ಇನ್ನೂ ಬಿಗಿಯಾಗಿದ್ದರೆ ಬೇರೆ ಹಲಗೆ, ಬೇರೆ ಚಾಕು, ಹೊಸ ಗ್ಲೌಸ್ ಕೇಳಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ಸಂತೋಷದಿಂದ ಮಾಡಿಕೊಡುತ್ತಾರೆ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಅದನ್ನು ನಿರೀಕ್ಷಿಸುವುದು ಕಷ್ಟ. ಹೊಗೆಪೆಟ್ಟಿಗೆ ಮಾತ್ರ ಬೇರೆ ಇರುವುದಿಲ್ಲ. ಮೇಲಿನ ತಟ್ಟಿಯಲ್ಲಿ ಬ್ರಿಸ್ಕೆಟ್, ಕೆಳಗೆ ಟರ್ಕಿ ಇರುವುದೂ ಉಂಟು.

ಟರ್ಕಿಯನ್ನೋ ಕೋಳಿಯನ್ನೋ ಕತ್ತರಿಸಿದಾಗ ಅಂಚು ಗುಲಾಬಿ ಬಣ್ಣಕ್ಕೆ ಕಂಡರೆ ಬೆಂದಿಲ್ಲ ಎಂದು ಹಿಂದಿರುಗಿಸಬೇಡಿ. ಸೌದೆಯ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮಾಂಸದ ಬಣ್ಣದ ಪ್ರೋಟೀನಿಗೆ ಅಂಟಿಕೊಂಡು ಆ ಗುಲಾಬಿಯನ್ನು ಹಾಗೇ ಉಳಿಸುತ್ತದೆ. ಹಕ್ಕಿಯ ಮಾಂಸ ಒಳಗೆ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ಮುಟ್ಟಿದರೆ ಸುರಕ್ಷಿತ, ಅದನ್ನು ಥರ್ಮಾಮೀಟರಿನಿಂದ ನೋಡಬೇಕೇ ಹೊರತು ಬಣ್ಣದಿಂದ ಅಲ್ಲ.

ಸಾಸೇಜ್ ವಿಷಯದಲ್ಲಿ ಎಚ್ಚರ. ಬೋರ್ಡಿನ ಮೇಲೆ ಚಿಕನ್ ಸಾಸೇಜ್, ಟರ್ಕಿ ಸಾಸೇಜ್ ಎಂದು ಬರೆದಿದ್ದರೂ ಹೊರಗಿನ ಪೊರೆ ಹಂದಿಯ ಕರುಳಿನದ್ದಾಗಿರುವುದು ತೀರಾ ಸಾಮಾನ್ಯ. ಕೇಳದೆ ತಿನ್ನಬೇಡಿ. ಹಲಾಲ್ ನೋಡುವ ನಮ್ಮ ಮುಸ್ಲಿಂ ಗೆಳೆಯರಿಗೂ ಇದೇ ಮಾತು ಹೇಳುತ್ತೇನೆ. ಅವರಿಗೆ ಹಲಾಲ್ ಅಂಗಡಿಗಳನ್ನೇ ಹುಡುಕಿಕೊಂಡು ಹೋಗುವುದು ನೆಮ್ಮದಿ.

ಈಗ ನಿಮ್ಮ ವಿಷಯ. ಸಸ್ಯಾಹಾರಿಗಳು ಬಾರ್ಬೆಕ್ಯೂ ಅಂಗಡಿಯಲ್ಲಿ ಮಾಂಸಕ್ಕೆ ಮೋಸಹೋಗುವುದಿಲ್ಲ, ಪಕ್ಕದ ಪದಾರ್ಥಗಳಿಗೆ ಮೋಸಹೋಗುತ್ತಾರೆ. ಹೆಸರು ಕೇಳಿದರೆ ಎಲ್ಲವೂ ತರಕಾರಿ, ಕಾಳು, ಸೊಪ್ಪು. ಒಳಗಿರುವುದೇ ಬೇರೆ.

ಪಿಂಟೋ ಬೀನ್ಸ್ ನೋಡಿ. ನಮ್ಮ ಅಲಸಂದೆಯ ಉಸಲಿಯಂತೆ ಮೆತ್ತಗೆ ಬೆಂದು, ಹೊಗೆಯ ವಾಸನೆ ಹೊತ್ತು ಬಟ್ಟಲಿಗೆ ಬರುತ್ತವೆ. ಆ ವಾಸನೆ ಬಂದದ್ದು ಹೆಚ್ಚಾಗಿ ಬೇಕನ್‌ನಿಂದ, ಅಂದರೆ ಉಪ್ಪು ಹಾಕಿ ಹೊಗೆಯಲ್ಲಿಟ್ಟ ಹಂದಿಮಾಂಸದಿಂದ, ಇಲ್ಲವೇ ಬ್ರಿಸ್ಕೆಟ್‌ನ ಚೂರುಗಳಿಂದ. ಅಡುಗೆಯವರು ಚೂರುಗಳನ್ನು ಎತ್ತಿ ಕೊಡುತ್ತೇವೆ ಅಂದರೂ ರಸ ಅದೇ. ಮಾಂಸ ಹಾಕದೆ ಬೇಯಿಸುವ ಅಂಗಡಿಗಳೂ ಇವೆ, ಆದರೆ ಕೇಳಿದ ಮೇಲೆಯೇ. ಚಾರೋ ಬೀನ್ಸ್ ಎಂದು ಬರೆದಿದ್ದರೆ ಕೇಳುವುದೂ ಬೇಡ, ಅದರಲ್ಲಿ ಬೇಕನ್ ಇದ್ದೇ ಇರುತ್ತದೆ. ಗ್ರೀನ್ ಬೀನ್ಸ್ ಪಲ್ಯದಂತೆ ಕಾಣುತ್ತದೆ, ಅದರಲ್ಲೂ ಬೇಕನ್. ಕಾಲರ್ಡ್ ಎಂಬ ಸೊಪ್ಪನ್ನು ಅಮೆರಿಕದ ದಕ್ಷಿಣದವರು ಹೊಗೆ ಹಾಕಿದ ಹಂದಿಯ ಕಾಲಿನ ಗೆಣ್ಣು ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಇದು ಆಫ್ರಿಕನ್ ಅಮೆರಿಕನ್ನರ ಅಡುಗೆಯಲ್ಲಿ ತಲೆಮಾರುಗಳಿಂದ ಬಂದ ಪದ್ಧತಿ, ಸೊಪ್ಪಿಗೆ ರುಚಿ ಬರುವುದೇ ಅದರಿಂದ. ಮುಸುಕಿನ ಜೋಳದ ಕಾರ್ನ್‌ಬ್ರೆಡ್‌ನಲ್ಲಿ ಮೊಟ್ಟೆ ಇರುತ್ತದೆ, ಕೆಲವು ಕಡೆ ಕಬ್ಬಿಣದ ಬಾಣಲೆಗೆ ಹಂದಿ ಕೊಬ್ಬು ಸವರಿ ಬೇಯಿಸುತ್ತಾರೆ. ಸಾಸ್‌ನಲ್ಲಿ ವೂಸ್ಟರ್‌ಶೈರ್ ಎಂಬ ಕಪ್ಪು ಹುಳಿರಸ ಬಿದ್ದಿದ್ದರೆ ಅದರಲ್ಲಿ ಆಂಚೊವಿ ಎಂಬ ಮೀನು ಇರುತ್ತದೆ. ಟೆಕ್ಸಸ್‌ನಲ್ಲಿ ಮಾಂಸದಿಂದ ಇಳಿದ ರಸವನ್ನೇ ಸಾಸ್‌ಗೆ ಬೆರೆಸುವವರೂ ಇದ್ದಾರೆ.

ಹಾಗಾದರೆ ಉಳಿದದ್ದೇನು? ನನ್ನ ಮೊದಲ ಆಯ್ಕೆ ಬೇಕ್ಡ್ ಪೊಟೇಟೊ. ಟೆಕ್ಸಸ್‌ನಲ್ಲಿ ಇದಕ್ಕೆ ಬಳಸುವ ಆಲೂಗಡ್ಡೆ ಅಂಗೈ ಮೀರಿಸುವಷ್ಟು ದೊಡ್ಡದು. ಬಿಸಿಬಿಸಿಯಾದ್ದನ್ನು ಸೀಳಿ ಬೆಣ್ಣೆ, ಹುಳಿಕೆನೆ, ಚೀಸ್, ಈರುಳ್ಳಿಸೊಪ್ಪು ತುಂಬುತ್ತಾರೆ. ಲೋಡೆಡ್ ಎಂದು ಬರೆದಿದ್ದರೆ ಮೇಲೆ ಬೇಕನ್ ಚೂರು, ಕೆಲವೊಮ್ಮೆ ಕತ್ತರಿಸಿದ ಬ್ರಿಸ್ಕೆಟ್ ಬೀಳುತ್ತದೆ. ಬೇಡ ಎಂದು ಮೊದಲೇ ಹೇಳಿ, ಸಿಪ್ಪೆಗೆ ಯಾವ ಜಿಡ್ಡು ಸವರಿದ್ದೀರಿ ಎಂದೂ ಕೇಳಿ. ಮೇಲೆ ಹಲಪೆನ್ಯೊ ಮೆಣಸಿನಕಾಯಿ, ಹಸಿ ಈರುಳ್ಳಿ, ಉಪ್ಪಿನಕಾಯಿ ಸೌತೆ ಹಾಕಿಕೊಂಡು ತಿಂದರೆ ಒಬ್ಬರ ಊಟ ಆಯಿತು. ಈ ಈರುಳ್ಳಿ, ಸೌತೆ, ಬಿಳಿ ಬ್ರೆಡ್ ಹೆಚ್ಚಿನ ಅಂಗಡಿಗಳಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಮ್ಯಾಕ್ ಅಂಡ್ ಚೀಸ್, ಅಂದರೆ ಚೀಸ್ ಬೆರೆಸಿದ ಮ್ಯಾಕರೋನಿ, ನಿಮ್ಮ ಮಗನಿಗೆ ಖಂಡಿತ ಹಿಡಿಸುತ್ತದೆ, ಬ್ರಿಸ್ಕೆಟ್ ಬೆರೆಸಿದ ಬಗೆಯೂ ಇರುವುದರಿಂದ ಯಾವುದೆಂದು ನೋಡಿ ತೆಗೆದುಕೊಳ್ಳಿ. ಚೀಸ್ ಹೆಪ್ಪಿಗೆ ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ ಎಂಬ ಅಂಜಿಕೆ ಇದ್ದರೆ, ಅಮೆರಿಕದಲ್ಲಿ ತಯಾರಾಗುವ ಬಹುಪಾಲು ಚೀಸ್‌ಗೆ ಈಗ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಹೆಪ್ಪೇ ಬಳಕೆಯಲ್ಲಿದೆ. ಕೋಲ್‌ಸ್ಲಾ, ಪೊಟೇಟೊ ಸಲಾಡ್ ಎರಡರಲ್ಲೂ ಮಯೋನೀಸ್ ಇರುತ್ತದೆ, ಎಂದರೆ ಹಸಿ ಮೊಟ್ಟೆಯ ಅಂಶ; ಪೊಟೇಟೊ ಸಲಾಡ್‌ನಲ್ಲಿ ಬೇಯಿಸಿದ ಮೊಟ್ಟೆಯ ಚೂರುಗಳೂ ಉಂಟು. ಕೇಕಿನ ಮೊಟ್ಟೆ ನಡೆಯುತ್ತದೆ ಅಂದಿರಿ, ಇದು ನಡೆಯುತ್ತದೆಯೇ ನೀವೇ ಯೋಚಿಸಿ. ಬನಾನಾ ಪುಡ್ಡಿಂಗ್‌ನಲ್ಲೂ ಮೊಟ್ಟೆ ಇರುತ್ತದೆ. ಮಾರ್ಷ್‌ಮ್ಯಾಲೋ ಇರುವ ಯಾವ ಸಿಹಿಯನ್ನೂ ಮುಟ್ಟಬೇಡಿ, ಇಲ್ಲಿ ಅದಕ್ಕೆ ಹಂದಿಯ ಜಿಲೆಟಿನ್ ಹಾಕುವುದೇ ರೂಢಿ.

ಅತ್ತೆಯವರನ್ನು ಹಳೆಯ ಬಾರ್ಬೆಕ್ಯೂ ಅಂಗಡಿಗೆ ಕರೆದುಕೊಂಡು ಹೋಗಬೇಡಿ. ಮುಸುರೆ ಎಂಬ ಕಲ್ಪನೆ ರಕ್ತದಲ್ಲಿರುವ ತಲೆಮಾರು ಅವರದು. ಕೌಂಟರಿನ ಹಲಗೆ, ಗಾಳಿಯ ಕೊಬ್ಬಿನ ವಾಸನೆ, ಜಿಡ್ಡು ಹಿಡಿದ ಕಾಗದ, ಇದರ ನಡುವೆ ಕೂತು ಅವರಿಂದ ಒಂದು ತುತ್ತು ನುಂಗಲೂ ಆಗುವುದಿಲ್ಲ, ಅವರ ಮುಖ ನೋಡುತ್ತಾ ನಿಮ್ಮಿಂದಲೂ ಆಗುವುದಿಲ್ಲ. ಇಡೀ ಮನೆಮಂದಿಯನ್ನು ಕರೆದಿದ್ದರೆ ಕರೆದವರಿಗೆ ಇದ್ದದ್ದನ್ನು ಹೇಳಿ, ಫುಡ್ ಟ್ರಕ್‌ಗಳು ಒಟ್ಟಿಗೆ ನಿಲ್ಲುವ ಜಾಗ ಸೂಚಿಸಿ. ಆಸ್ಟಿನ್ ಸುತ್ತ ಅಂಥ ಜಾಗಗಳಿಗೆ ಕೊರತೆಯಿಲ್ಲ, ಅವರಿಗೆ ಬ್ರಿಸ್ಕೆಟ್, ಅತ್ತೆಯವರಿಗೆ ಬಯಲಿನಲ್ಲಿ ಬೇರೆ ಮೇಜು, ಹಣ್ಣು, ಮನೆಯಿಂದ ಕಟ್ಟಿಕೊಂಡು ಹೋದ ಚಪಾತಿ ಎಲ್ಲವೂ ಸಲ್ಲುತ್ತದೆ.

ಅಮೆರಿಕದ ಎಲ್ಲ ಬಾರ್ಬೆಕ್ಯೂ ಒಂದೇ ಅಲ್ಲ, ಪ್ರವಾಸ ಹೋದಾಗ ಇದು ನೆನಪಿರಲಿ. ಕ್ಯಾರೊಲೈನಾಗಳಲ್ಲಿ ಬಾರ್ಬೆಕ್ಯೂ ಎಂದರೆ ಹಂದಿ, ಮೆಂಫಿಸ್‌ನಲ್ಲೂ ಹಂದಿಯ ಪಕ್ಕೆಲುಬು, ಕಾನ್ಸಾಸ್ ಸಿಟಿಯಲ್ಲಿ ಎಲ್ಲ ಮಾಂಸಕ್ಕೂ ಸಿಹಿ ಟೊಮ್ಯಾಟೊ ಸಾಸ್. ಅಲಬಾಮಾದ ಡೆಕಾಟರ್‌ನಲ್ಲಿ 1925ರಿಂದ ಇರುವ ಬಿಗ್ ಬಾಬ್ ಗಿಬ್ಸನ್ ಅಂಗಡಿ ಹೊಗೆ ಹಾಕಿದ ಕೋಳಿಯನ್ನು ಮಯೋನೀಸ್, ವಿನಿಗರ್ ಕೂಡಿಸಿದ ಬಿಳಿ ಸಾಸ್‌ನಲ್ಲಿ ಅದ್ದಿ ಕೊಡುವುದಕ್ಕೆ ಹೆಸರಾಗಿದೆ. ಆದರೆ ನಿಮ್ಮ ಯಜಮಾನರು ಒಮ್ಮೆ ಹೋಗಲೇಬೇಕಾದ ಊರು ಕೆಂಟಕಿಯ ಓವೆನ್ಸ್‌ಬರೊ. ಇಡೀ ಅಮೆರಿಕದಲ್ಲಿ ಬಲಿತ ಕುರಿಯ ಮಾಂಸವೇ ಬಾರ್ಬೆಕ್ಯೂ ಆಗಿರುವುದು ಅಲ್ಲಿ. 19ನೇ ಶತಮಾನದಲ್ಲಿ ಅಲ್ಲಿ ಉಣ್ಣೆಗಾಗಿ ಕುರಿ ಸಾಕುವವರು ಹೆಚ್ಚಿದ್ದರು. ವಯಸ್ಸಾದ ಕುರಿಯ ಗಟ್ಟಿ ಮಾಂಸಕ್ಕೆ ಹಿಕರಿ ಸೌದೆಯ ಹೊಗೆ ಕೊಟ್ಟು, ವೂಸ್ಟರ್‌ಶೈರ್ ಬೆರೆತ ಕಪ್ಪು ರಸವನ್ನು ಆಗಾಗ ಸವರುತ್ತಾ ಬೇಯಿಸುತ್ತಾರೆ. ಅಲ್ಲಿನ ಮೂನ್‌ಲೈಟ್ ಬಾರ್ಬೆಕ್ಯೂ ಇನ್ ಇದಕ್ಕೆ ಹೆಸರುವಾಸಿ. ಊರಿನ ಬಾಡೂಟ ತಿಂದು ಬೆಳೆದವರಿಗೆ ಕುರಿಯ ಆ ಗಾಢವಾದ ರುಚಿ ಕೂಡಲೇ ಗುರುತು ಸಿಗುತ್ತದೆ.

ಬರ್ಗರ್ ಅಂಗಡಿಯಲ್ಲಿ ಕೆಲಸ ಸುಲಭ, ಅಪಾಯ ಬೇರೆ ಕಡೆ. ಇಲ್ಲಿ ಬರೀ ಬರ್ಗರ್ ಎಂದರೆ ದನದ ಮಾಂಸ, ಎರಡನೇ ಮಾತಿಲ್ಲ. ಕೋಳಿಯದ್ದು ಬೇಕಾದರೆ ಮೆನುವಿನಲ್ಲಿ ಚಿಕನ್ ಸ್ಯಾಂಡ್‌ವಿಚ್ ಎಂಬುದನ್ನು ಹುಡುಕಬೇಕು. ಮಗನಿಗೆ ಸಸ್ಯದ ಪ್ಯಾಟಿ, ಅಂದರೆ ಬನ್ನಿನ ನಡುವೆ ಇಡುವ ಬಿಲ್ಲೆ, ಇರುವ ಬರ್ಗರ್ ಕೊಡಿಸಬಹುದು. ಇಂಪಾಸಿಬಲ್, ಬಿಯಾಂಡ್ ಎಂಬ ಎರಡು ಕಂಪನಿಗಳ ಪ್ಯಾಟಿ 2016ರಿಂದ ಮಾರುಕಟ್ಟೆಯಲ್ಲಿವೆ. ಮೊದಲನೆಯದು ಸೋಯಾದ್ದು, ಎರಡನೆಯದು ಬಟಾಣಿ ಪ್ರೋಟೀನಿನದ್ದು, ಎರಡರಲ್ಲೂ ಪ್ರಾಣಿಜನ್ಯವಾದದ್ದು ಇಲ್ಲ. ದನದ ಮಾಂಸದ ರುಚಿ, ಬಣ್ಣ ಬರುವಂತೆಯೇ ಮಾಡಿದ್ದರಿಂದ ನಿಮಗೆ ಮೊದಲ ತುತ್ತಿಗೆ ಹಿಂಸೆಯಾಗಬಹುದು. ಆಗ ಕರಿಯ ಬೀನ್ಸಿನ ಪ್ಯಾಟಿ ಕೇಳಿ, ಅದು ಕಟ್ಲೆಟ್ ಥರವೇ ಇರುತ್ತದೆ, ಆದರೆ ಅದನ್ನು ಹಿಡಿದಿಡಲು ಮೊಟ್ಟೆ ಹಾಕುವವರಿದ್ದಾರೆ.

ಪ್ಯಾಟಿ ಸಸ್ಯದ್ದಾದರೂ ಬೇಯುವುದು ಎಲ್ಲಿ? 2019ರ ಆಗಸ್ಟ್‌ನಲ್ಲಿ ಬರ್ಗರ್ ಕಿಂಗ್ ಅಮೆರಿಕದಾದ್ಯಂತ ಇಂಪಾಸಿಬಲ್ ವಾಪರ್ ತಂದಾಗ ಅದನ್ನು ದನದ ಪ್ಯಾಟಿ ಬೇಯುವ ಅದೇ ಬೆಂಕಿಯ ಮೇಲೇ ಬೇಯಿಸುತ್ತಿತ್ತು. ಬೇಡವಾದವರು ಕೇಳಿದರೆ ಬೇರೆ ಬಿಸಿ ಮಾಡಿ ಕೊಡುತ್ತಾರೆ. ಅದರಲ್ಲಿ ಮಯೋನೀಸ್ ಕೂಡ ಇರುತ್ತದೆ. ಸಣ್ಣ ಅಂಗಡಿಗಳಲ್ಲಿ ಒಂದೇ ಉದ್ದನೆಯ ಕಾವಲಿ, ಅದರ ಮೇಲೆ ದನದ ಕೊಬ್ಬು ಸದಾ ಹರಡಿರುತ್ತದೆ. ಬನ್ನನ್ನೂ ಅದರ ಮೇಲೇ ಕಾಯಿಸುತ್ತಾರೆ. ಬೇರೆ ಬಾಣಲೆಯಲ್ಲಿ ಪ್ಯಾಟಿ, ಬನ್ ಕಾಯಿಸದೆ ಹಾಗೇ ಕೊಡಿ ಎಂದು ಕೇಳುವುದು ಸಾಮಾನ್ಯ ಕೋರಿಕೆ, ಸಂಕೋಚ ಬೇಡ. ಬ್ರಿಯೋಶ್ ಬನ್‌ನಲ್ಲಿ ಮೊಟ್ಟೆ ಇರುತ್ತದೆ, ಫೈವ್ ಗೈಸ್ ಎಂಬ ಸರಣಿ ಅಂಗಡಿಯ ಬನ್‌ನಲ್ಲೂ ಇದೆ. ಪ್ಯಾಟಿಯ ಗೋಜೇ ಬೇಡವೆಂದರೆ ಫೈವ್ ಗೈಸ್‌ನ ವೆಜ್ಜಿ ಸ್ಯಾಂಡ್‌ವಿಚ್, ಇನ್-ಎನ್-ಔಟ್‌ನ ಗ್ರಿಲ್ಡ್ ಚೀಸ್, ಶೇಕ್ ಶಾಕ್‌ನ ಚೀಸ್ ತುಂಬಿದ ಅಣಬೆ ಬರ್ಗರ್ ಇವೆ. ಮೂರರಲ್ಲಿ ಅಣಬೆಯದು ನನಗೆ ಬಹಳ ಇಷ್ಟ.

ಫ್ರೆಂಚ್ ಫ್ರೈಸ್ ವಿಷಯದಲ್ಲಿ ನಮ್ಮವರು ತಿಳಿದಿರಲೇಬೇಕಾದ ಒಂದು ಸಂಗತಿ ಇದೆ. ಮೆಕ್‌ಡೊನಾಲ್ಡ್ಸ್ ಅಮೆರಿಕದಲ್ಲಿ 1990ರಲ್ಲಿ ದನದ ಕೊಬ್ಬು ಬಿಟ್ಟು ಸಸ್ಯದ ಎಣ್ಣೆಗೆ ಬದಲಾಯಿತು. ಆದರೆ ರುಚಿಗಾಗಿ ಆಲೂಗಡ್ಡೆಗೆ ಬೀಫ್ ಫ್ಲೇವರ್ ಸೇರಿಸುವುದನ್ನು ಮುಂದುವರಿಸಿತು. ಸಸ್ಯದ ಎಣ್ಣೆ ಎಂಬ ಮಾತು ನಂಬಿ ತಿಂದ ಹಿಂದೂಗಳು, ಸಸ್ಯಾಹಾರಿಗಳು ಬಹಳ ಮಂದಿ. 2001ರಲ್ಲಿ ಸಿಯಾಟಲ್‌ನ ಭಾರತೀಯ ಮೂಲದ ವಕೀಲರೊಬ್ಬರು ಮೊಕದ್ದಮೆ ಹೂಡಿದರು, 2002ರಲ್ಲಿ ಕಂಪನಿ ಕ್ಷಮೆ ಕೇಳಿ 1 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಅಮೆರಿಕದ ಫ್ರೈಸ್‌ನಲ್ಲಿ, ಹ್ಯಾಶ್ ಬ್ರೌನ್‌ನಲ್ಲಿ ಆ ಫ್ಲೇವರ್ ಇಂದಿಗೂ ಇದೆ, ಪದಾರ್ಥಗಳ ಪಟ್ಟಿಯಲ್ಲಿ ಬರೆದೂ ಇದೆ. ಭಾರತದ ಮೆಕ್‌ಡೊನಾಲ್ಡ್ಸ್‌ನಲ್ಲಿ ದನ, ಹಂದಿ ಎರಡೂ ಇಲ್ಲ, ಅಲ್ಲಿ ತಿಂದ ಧೈರ್ಯದಲ್ಲಿ ಇಲ್ಲಿ ಮಗುವಿನ ಕೈಗೆ ಪೊಟ್ಟಣ ಕೊಡಬೇಡಿ. ಈಚೆಗೆ ಟ್ಯಾಲೋ ಮತ್ತೆ ಚಾಲ್ತಿಗೆ ಬರುತ್ತಿದೆ. ಸ್ಟೇಕ್ ಎನ್ ಶೇಕ್ 2025ರಲ್ಲಿ ಫ್ರೈಸ್ ಕರಿಯಲು ದನದ ಕೊಬ್ಬಿಗೆ ಮರಳಿತು, ಬಫಲೋ ವೈಲ್ಡ್ ವಿಂಗ್ಸ್ ಮೊದಲಿನಿಂದ ಅದನ್ನೇ ಬಳಸುತ್ತದೆ. ಇನ್-ಎನ್-ಔಟ್ ಸೂರ್ಯಕಾಂತಿ ಎಣ್ಣೆಯಲ್ಲಿ, ಫೈವ್ ಗೈಸ್ ಕಡಲೆಕಾಯಿ ಎಣ್ಣೆಯಲ್ಲಿ ಕರಿಯುತ್ತವೆ, ಎರಡೂ ಕಡೆ ಆ ಎಣ್ಣೆಗೆ ಆಲೂಗಡ್ಡೆ ಬಿಟ್ಟು ಬೇರೇನೂ ಬೀಳುವುದಿಲ್ಲ. ಅತ್ತೆಯವರಿಗೆ ಬಿಸಿ ಫ್ರೈಸ್ ಕೊಡಿಸಬೇಕೆಂದರೆ ಅಲ್ಲಿಗೆ ಹೋಗಿ. ಉಳಿದ ಕಡೆ ಕೇಳಬೇಕಾದ ಪ್ರಶ್ನೆ ಎರಡು: ಯಾವ ಎಣ್ಣೆ, ಮತ್ತೆ ಆ ಫ್ರೈಯರ್‌ನಲ್ಲಿ ಇನ್ನೇನು ಕರಿಯುತ್ತೀರಿ.

ದೊಡ್ಡ ಸರಣಿ ಅಂಗಡಿಗಳ ವೆಬ್‌ಸೈಟಿನಲ್ಲಿ ಅಲರ್ಜಿ ಪಟ್ಟಿ ಇರುತ್ತದೆ. ಮೊಟ್ಟೆ, ಹಾಲು, ಮೀನು, ಎಳ್ಳು ಹೀಗೆ ಒಂಬತ್ತು ಮುಖ್ಯ ಅಲರ್ಜಿಕಾರಕಗಳು ಅದರಲ್ಲಿ ಸಿಗುತ್ತವೆ, ಅತ್ತೆಯವರಿಗೆ ಮೊಟ್ಟೆ ಇಲ್ಲದ್ದನ್ನು ಹುಡುಕಲು ಬಹಳ ಅನುಕೂಲ. ಆದರೆ ದನದ ಕೊಬ್ಬು, ಹಂದಿಯ ಜಿಲೆಟಿನ್ ಅಲರ್ಜಿಯ ಆ ಒಂಬತ್ತರಲ್ಲಿ ಬರುವುದಿಲ್ಲ. ಪಟ್ಟಿ ಖಾಲಿ ಇದೆ ಎಂದು ಸಸ್ಯಾಹಾರ ಎಂದು ತಿಳಿಯಬೇಡಿ, ಪದಾರ್ಥಗಳ ಪಟ್ಟಿಯನ್ನೇ ಓದಿ. ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ: ಬೇಗ ಕೆಲಸವಾಗಲಿ ಎಂದು "ನನಗೆ ಬೀಫ್ ಅಲರ್ಜಿ" ಎಂದು ಸುಳ್ಳು ಹೇಳಬೇಡಿ. ಅಲರ್ಜಿ ಎಂದ ಕೂಡಲೇ ಅಡುಗೆಮನೆಯಲ್ಲಿ ಕೆಲಸ ನಿಲ್ಲಿಸಿ, ಪಾತ್ರೆ ಬದಲಿಸಿ, ಕೈ ತೊಳೆದು ಹೊಸದಾಗಿ ಶುರುಮಾಡುತ್ತಾರೆ. ಆಮೇಲೆ ನೀವು ಗಂಡನ ತಟ್ಟೆಯಿಂದ ಏನೋ ಎತ್ತಿಕೊಂಡದ್ದು ಕಂಡರೆ, ಮುಂದೆ ಜೀವಕ್ಕೇ ಅಪಾಯವಿರುವ ಮಗುವೊಂದು ಬಂದಾಗ ಅದರ ಮಾತನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಧರ್ಮದ ಕಾರಣಕ್ಕೆ ತಿನ್ನುವುದಿಲ್ಲ ಎಂದರೆ ಸಾಕು, ಇಲ್ಲಿ ಅದಕ್ಕೆ ಮರ್ಯಾದೆ ಇದೆ.

ದುಡ್ಡಿನ ಲೆಕ್ಕ. ಪೌಂಡ್ ಎಂದರೆ 454 ಗ್ರಾಂ. ಮಾಂಸ ತಿನ್ನುವ ಒಬ್ಬರಿಗೆ ಮೂರನೇ ಒಂದು ಪೌಂಡ್ ಸಾಕು. ಮೆನುವಿನ ಬೆಲೆಯ ಮೇಲೆ ನಿಮ್ಮ ಊರಿನಲ್ಲಿ ಶೇ. 8.25 ಮಾರಾಟ ತೆರಿಗೆ ಬೀಳುತ್ತದೆ. ಮೇಜಿಗೆ ಬಂದು ಬಡಿಸುವ ಕಡೆ ತೆರಿಗೆಗೆ ಮುಂಚಿನ ಮೊತ್ತದ ಶೇ. 18ರಿಂದ 20 ಟಿಪ್ಸ್ ಕೊಡಿ. ಇದು ದಾನವಲ್ಲ. ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ನಗದು ಕೂಲಿ ಕೇಂದ್ರ ಕಾನೂನಿನಲ್ಲಿ 1991ರಿಂದ ಗಂಟೆಗೆ 2.13 ಡಾಲರ್, ಟೆಕ್ಸಸ್‌ನಲ್ಲೂ ಅಷ್ಟೇ. ಅವರ ಮನೆ ನಡೆಯುವುದು ನಿಮ್ಮ ಟಿಪ್ಸ್‌ನಿಂದ. ದೊಡ್ಡ ಗುಂಪಾದರೆ ಬಿಲ್ಲಿನಲ್ಲೇ ಸೇರಿಸಿರುತ್ತಾರೆ, ನೋಡಿ ಸಹಿ ಹಾಕಿ. ಕೌಂಟರಿನಲ್ಲಿ ನೀವೇ ನಿಂತು ತರುವ ಕಡೆ ಪರದೆ ತಿರುಗಿಸಿ ಶೇ. 20 ತೋರಿಸಿದರೂ ಅಷ್ಟು ಕೊಡುವ ಕಟ್ಟುಪಾಡಿಲ್ಲ. ನನ್ನ ರೂಢಿ ಶೇ. 10, ಹಲಗೆ, ಚಾಕು ಬದಲಿಸಿ ಕೊಟ್ಟವರಿಗೆ ಅದಕ್ಕಿಂತ ಹೆಚ್ಚು.

ಯಾರದಾದರೂ ಮನೆಯ ಹಿತ್ತಲಿಗೆ ಕರೆದರೆ ಇದೆಲ್ಲಕ್ಕಿಂತ ಸುಲಭ. ಅಲ್ಲಿ ಸಾಮಾನ್ಯವಾಗಿ ಗ್ರಿಲ್ ಇರುತ್ತದೆ. ನೀವೇ ಮಸಾಲೆ ಸವರಿದ ಪನೀರ್, ದೊಣ್ಣೆಮೆಣಸಿನಕಾಯಿ, ಸಿಪ್ಪೆ ಸುಲಿಯದ ಮುಸುಕಿನ ಜೋಳ, ಒಂದು ಸುರುಳಿ ಅಲ್ಯೂಮಿನಿಯಂ ಹಾಳೆ, ನಿಮ್ಮದೇ ಇಕ್ಕಳ ತೆಗೆದುಕೊಂಡು ಹೋಗಿ. ಮಾಂಸ ಇಡುವ ಮುಂಚೆ, ಹಾಳೆ ಹಾಸಿ ನಿಮ್ಮದನ್ನು ಮೊದಲು ಬೇಯಿಸಲು ಕೇಳಿ. ನಾಲ್ಕು ಜನಕ್ಕೆ ಹೆಚ್ಚಾಗುವಷ್ಟು ಒಯ್ಯಿರಿ, ಪನೀರ್ ಮೊದಲು ಖಾಲಿಯಾಗುತ್ತದೆ.

ಆಫೀಸಿನ ಮುಂದಿನ ಊಟಕ್ಕೆ ಯಜಮಾನರು ಮಾಡಬೇಕಾದ ಕೆಲಸ ಒಂದೇ. ಊಟ ಏರ್ಪಡಿಸುವವರಿಗೆ ಎರಡು ದಿನ ಮುಂಚೆ ಒಂದು ಮೇಲ್ ಕಳಿಸಲಿ: ಒಬ್ಬರಿಗೆ ದನ, ಹಂದಿ ಬೇಡ, ಟರ್ಕಿ ಆಗುತ್ತದೆ, ಬೇರೆ ಡಬ್ಬಿಯಲ್ಲಿ ಕೊಡಲು ಹೇಳಿ; ಇಬ್ಬರು ಸಸ್ಯಾಹಾರಿಗಳು, ಬೀನ್ಸ್‌ನಲ್ಲಿ ಮಾಂಸ ಇದೆಯೇ ಕೇಳಿ ತಿಳಿಸಿ, ಇದ್ದರೆ ಎರಡು ಬೇಕ್ಡ್ ಪೊಟೇಟೊ ಸೇರಿಸಿ. ಅಂಗಡಿಗೆ ನೀವೇ ಫೋನ್ ಮಾಡುವುದಾದರೆ ಮಧ್ಯಾಹ್ನ ಮೂರರ ಸುಮಾರಿಗೆ ಮಾಡಿ, ಊಟದ ಗದ್ದಲ ಇಳಿದು ಒಳಗಿನವರಿಗೆ ಮಾತಾಡಲು ಬಿಡುವು ಸಿಕ್ಕಿರುತ್ತದೆ. ಹೋಗುವ ದಿನ ಮಾತ್ರ ಬೇಗ ಹೊರಡಿ. ಹೊಗೆಯ ಅಡುಗೆಯನ್ನು ಮತ್ತೆ ಹೊಸದಾಗಿ ಮಾಡಲು ಬರುವುದಿಲ್ಲ, ರಾತ್ರಿಯೆಲ್ಲ ಬೇಯಿಸಿಟ್ಟದ್ದು ಮುಗಿದರೆ ಅಂಗಡಿ ಮುಚ್ಚಿದಂತೆ. ಟರ್ಕಿಯನ್ನು ಬ್ರಿಸ್ಕೆಟ್‌ಗಿಂತ ಕಡಿಮೆ ಮಾಡಿರುತ್ತಾರೆ, ಎಷ್ಟೋ ಕಡೆ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅದು ಇರುವುದಿಲ್ಲ.